ಕೊಯ್ದ ತುದಿ

ದುಂಡಪ್ಪ ಮೊದಲ ಸಲ ಮನೆ ಬಿಟ್ಟು ನಡೆದದ್ದು ಕಾರಹುಣ್ಣಿಮೆಯ ದಿನ. ಹೆಂಡತಿ ಎತ್ತಿನ ಕೋಡಿಗೆ ಬಣ್ಣ ಹಚ್ಚುತ್ತಿದ್ದಳು. ಎತ್ತಿನ ಹಗ್ಗ ಇವನ ಕೈಯಲ್ಲಿತ್ತು. "ಒಂದೀಟ ಹಿಡಕೋ, ಬಂದೆ" ಎಂದು ಹಗ್ಗವನ್ನು ಅವಳ ಬಣ್ಣದ ಕೈಗೆ ಕೊಟ್ಟು ಹೊರಟವನು ತಿರುಗಿ ಹೋಗಲಿಲ್ಲ.

ಆಮೇಲೆ ಎಷ್ಟೋ ಊರಿನ ನೀರು ಕುಡಿದ. ಹೋದಲ್ಲೆಲ್ಲ ಈ ಸಂಗತಿಯನ್ನು ತಮಾಷೆ ಮಾಡಿ ಹೇಳುತ್ತಿದ್ದ. "ನಮ್ಮಾಕಿ ಇನ್ನೂ ಹಗ್ಗ ಹಿಡಕೊಂಡು ನಿಂತಿರಬೇಕು ನೋಡ್ರಿ" ಎಂದಾಗ ಕೇಳಿದವರೂ ನಗುತ್ತಿದ್ದರು. ಕೊನೆಗೆ ಒಂದು ಮಠ ಸೇರಿದ. ಬಂದ ದಿನ ಮಠದ ಸ್ವಾಮಿಗಳಾದ ಅಜ್ಜಾರ ಎದುರಿಗೂ ಅದನ್ನೇ ಹೇಳಿದ್ದ. ಅಜ್ಜಾರು ನಕ್ಕಿರಲಿಲ್ಲ.

ಮಠದಲ್ಲಿ ಅವನು ಚೆನ್ನಾಗಿಯೇ ಇದ್ದ. ದಾಸೋಹದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹೊತ್ತಿಸುತ್ತಿದ್ದ. ಬಂದವರನ್ನು ಕರೆದು ಊಟಕ್ಕೆ ಕೂಡಿಸುತ್ತಿದ್ದ. ಮಾತು ಬೆಲ್ಲದಂತಿತ್ತು. ಹೀಗಿರುವಾಗ ಅಡುಗೆಯ ಗುರುಪಾದಪ್ಪ ಬಂದು ಒಂದು ಮಾತು ಹೇಳಿದ.

"ಮಗಳು ಹಡದಾಳೋ ದುಂಡಣ್ಣಾ. ಮೊಮ್ಮಗನ ಮುಖ ನೋಡಿ ಬರತೀನಿ. ನೀ ಇದ್ದಿ ಅಂತ ಧೈರ್ಯ ನನಗ."

"ಹೋಗಿ ಬಾರೋ, ನಾ ಅದೀನಲ್ಲ" ಎಂದ ದುಂಡಪ್ಪ.

ಹಾಗೆಂದವನು ನೆಟ್ಟಗೆ ಒಳಗೆ ಹೋಗಿ ಕಂಬಳಿ ಮಡಿಚತೊಡಗಿದ. ಯಾರಾದರೂ ನೀನಿದ್ದೀಯೆಂಬ ಧೈರ್ಯ ಎಂದರೆ ಸಾಕು, ಅವನ ಕಾಲು ದಾರಿಯ ಕಡೆ ತಿರುಗುತ್ತಿತ್ತು. ಯಾಕೆ ಹೀಗೆ ಎಂದು ಅವನಿಗೂ ತಿಳಿಯದು. ಅರ್ಧ ಕಟ್ಟಿದ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡೇ ಅಜ್ಜಾರ ಮುಂದೆ ಹೋಗಿ ನಿಂತು ಕೇಳಿದ.

"ಅಜ್ಜಾರ, ನಾ ಯಾರಿಗೂ ಕೆಟ್ಟದ್ದು ಬಯಸಿದಾವಲ್ಲ. ಮೈ ಮುರಿದು ದುಡೀತೀನಿ. ಹೋದಲ್ಲೆಲ್ಲ ಮಂದಿ ಹೊಗಳತಾರ. ಆದ್ರ ಯಾರರೆ ನನ್ನ ಮ್ಯಾಲೆ ಭಾರ ಇಟ್ಟ ಕೂಡಲೆ ನಾ ಯಾಕ ಕುಸೀತೀನಿ?"

"ಕೂಡು" ಎಂದರು ಅಜ್ಜಾರು. "ಗಂಟು ಆಮ್ಯಾಲೆ ಕಟ್ಟೀಯಂತ. ಅದ್ರಾಗ ನೀ ಭಾಳ ಶಾಣ್ಯಾ ಅದಿ." ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಡಿಗನಿದ್ದ. ಊರಿಗೂ ಹೊಲಗಳಿಗೂ ನಡುವೆ ಹಳ್ಳ ಹರಿಯುತ್ತಿತ್ತು. ಅದಕ್ಕೊಂದು ಮರದ ಕಾಲುಸೇತುವೆ ಕಟ್ಟಿಕೊಡು ಎಂದು ಊರವರು ಅವನಿಗೆ ಹೇಳಿದರು. ಅವನು ಪಟ್ಟಣದ ಕಟ್ಟಿಗೆ ಅಡ್ಡೆಗೆ ಹೋಗಿ ಔಷಧಿ ಕುಡಿಸಿದ ಕಂಬಗಳನ್ನು ತಂದ. ಉಕ್ಕಿನ ಕೊಳವೆಯಲ್ಲಿಟ್ಟು, ಒತ್ತಡ ಕೊಟ್ಟು, ಮರಕ್ಕೆ ಔಷಧಿ ಇಳಿಸಿರುತ್ತಾರೆ. ಅಂಥ ಮರವನ್ನು ಗೆದ್ದಲು ಮುಟ್ಟುವುದಿಲ್ಲ, ನೀರು ಬೇಗ ಕೊಳೆಸುವುದಿಲ್ಲ. ಅಡ್ಡೆಯ ವ್ಯಾಪಾರಿ ಎರಡು ಮಾತು ಹೇಳಿ ಕಳಿಸಿದ.

"ಔಷಧಿ ಕುಡಿದ ಮರ ಹಸಿ ಇರತೈತಿ. ಒಣಗಿದ ಮ್ಯಾಲೆ ಬಣ್ಣ ಹಚ್ಚು. ಮತ್ತ, ಔಷಧಿ ತಿರುಳಿನ ತನಕ ಇಳಿದಿರೂದಿಲ್ಲ. ಗರಗಸ ಹಾಕಿದ್ರ, ಕೊಯ್ದ ತುದಿಗೆ ಮತ್ತ ಔಷಧಿ ಹಚ್ಚು. ಮರೀಬ್ಯಾಡ."

ಮೊದಲನೆಯ ಮಾತನ್ನು ಬಡಿಗ ಚಾಚೂ ತಪ್ಪದೆ ನಡೆಸಿದ. ಕಂಬಗಳ ನಡುವೆ ಗಾಳಿ ಆಡುವಂತೆ ಅಡ್ಡಪಟ್ಟಿ ಇಟ್ಟು ನೆರಳಿನಲ್ಲಿ ಒಣಗಲು ಬಿಟ್ಟ. ಆಗಾಗ ಹೋಗಿ ಒಂದು ಹನಿ ನೀರು ಬಿಟ್ಟು ನೋಡುತ್ತಿದ್ದ. ಹನಿ ಮರದ ಮೇಲೆ ಮುತ್ತಿನಂತೆ ನಿಂತರೆ, ಇನ್ನೂ ಹಸಿ ಎಂದು ತಿರುಗಿ ಬರುತ್ತಿದ್ದ. ಮರ ಹನಿಯನ್ನು ಹೀರಿಕೊಂಡ ದಿನ ಕುಂಚ ಹಿಡಿದ. ಜೇನಿನ ಬಣ್ಣ ಹಚ್ಚಿದ. ಅದು ಆರಿದ ಮೇಲೆ ನೀರು ತಡೆಯುವ ಎಣ್ಣೆ ಬಳಿದ. ಅಷ್ಟು ತಾಳ್ಮೆಯ ಮನುಷ್ಯ.

ಕಂಬ ನಿಲ್ಲಿಸುವ ದಿನ ನೋಡಿದರೆ ಅವು ಉದ್ದವಾದವು. ಬಡಿಗ ಬುಡವನ್ನು ಕೊಯ್ದ. ಕೊಯ್ದ ಜಾಗ ಬೆಳ್ಳಗೆ ಕಂಡಿತು. ಔಷಧಿಯ ಡಬ್ಬಿ ಮನೆಯಲ್ಲಿ ಉಳಿದಿತ್ತು. ಜನ ಹಗ್ಗ ಹಿಡಿದು ಕಾಯುತ್ತಿದ್ದರು.

"ಕೆಸರಾಗ ಹೋಗೂದನ್ನ ಯಾರು ನೋಡತಾರ?" ಎಂದು ಕಂಬ ಇಳಿಸಿಬಿಟ್ಟ.

ಸೇತುವೆ ಕಣ್ಣಿಗೆ ಚೆಂದವಾಯಿತು. ಹಾಲು ಮಾರುವ ಒಬ್ಬ ಹೆಂಗಸು ದಿನಾ ದಾಟುವಾಗ ಕೈಗಂಬಿ ಸವರಿ, "ನಮ್ಮ ಮನಿ ಬಾಗಲಕ್ಕೂ ಈ ಹೊಳಪಿಲ್ಲ" ಎನ್ನುತ್ತಿದ್ದಳು. ಬಡಿಗ ಅದನ್ನು ಕೇಳಿಸಿಕೊಂಡು ಹಿಗ್ಗುತ್ತಿದ್ದ.

ಕೆಲವು ಮಳೆಗಾಲ ಕಳೆದವು. ಸೇತುವೆ ಸ್ವಲ್ಪ ಅಲುಗಿತು. ಬಡಿಗ ಬಂದು ಇನ್ನೊಮ್ಮೆ ಬಣ್ಣ ಹಚ್ಚಿ ಎಣ್ಣೆ ಬಳಿದ. ಮತ್ತೆ ಅಲುಗಿತು. ಮತ್ತೆ ಬಳಿದ. ಕೊಯ್ದ ತುದಿಯಿಂದ ನೀರು ಒಳಗೊಳಗೇ ಏರುತ್ತಿತ್ತು. ಮೇಲಿನ ಎಣ್ಣೆ ಅದನ್ನು ಆರಗೊಡಲಿಲ್ಲ. ಅವನು ಬಳಿದ ಒಂದೊಂದು ಪದರವೂ ಒಳಗಿನ ಕೊಳೆತಕ್ಕೆ ಹೊದಿಕೆಯಾಯಿತು.

ಊರವರು ಸೇತುವೆ ಬಿಟ್ಟು ಹಳ್ಳದಲ್ಲೇ ಇಳಿದು ದಾಟತೊಡಗಿದರು. ಹಾಲಿನವಳ ತಲೆಯ ಮೇಲೆ ತುಂಬಿದ ಕೊಡ. ಅವಳು ದಡದಲ್ಲಿ ನಿಂತು ಬಡಿಗನನ್ನು ಕೇಳಿದಳು.

"ಅಣ್ಣಾ, ನಾ ದಾಟಲೇನು?"

"ನಿನ್ನೆ ತಾನಽ ಬಣ್ಣ ಹಚ್ಚೀನಿ. ಕಣ್ಣು ಮುಚ್ಚಿ ಹೋಗವಾ."

ಅವಳು ಹೋದಳು. ನಡುವಿನ ಕಂಬ ಬುಡದಲ್ಲಿ ಮುರಿಯಿತು. ಅವಳ ಸೊಂಟವೂ ಮುರಿಯಿತು. ಆಮೇಲೆ ಅವಳು ನಡೆಯಲಿಲ್ಲ. ಕೆಸರಿನಿಂದ ಎತ್ತಿದಾಗ ಅವಳ ಅಂಗೈಗೆ ಆರದ ಬಣ್ಣ ಮೆತ್ತಿಕೊಂಡಿತ್ತು.

ಬಡಿಗ ಹಳ್ಳಕ್ಕಿಳಿದು ಮುರಿದ ಕಂಬವನ್ನು ನೋಡಿದ. ಹೊರಗಿನ ಬಣ್ಣ ಹೊಸದಾಗಿತ್ತು. ಬುಡಕ್ಕೆ ಬೆರಳಿಟ್ಟರೆ ಬೆರಳು ಒಳಗೆ ಹೋಯಿತು. ಅವನು ಬೆರಳು ಒರೆಸಿಕೊಂಡ. "ಅಡ್ಡೆಯಾವ ಮೋಸ ಮಾಡಿದ" ಎಂದ. ಗರಗಸ, ಕುಂಚ ಗಂಟು ಕಟ್ಟಿಕೊಂಡು ಬೇರೆ ಊರಿಗೆ ಹೋದ. ಅಲ್ಲಿ ಬೇರೆ ಅಡ್ಡೆಯಿಂದ ಮರ ತಂದ. ಬೇರೆ ಬಣ್ಣ ಹಚ್ಚಿದ. ಅಲ್ಲಿಯೂ ಕಂಬ ಉದ್ದವಾದವು. ಅಲ್ಲಿಯೂ ಬುಡ ಕೊಯ್ದ.

ಅಜ್ಜಾರು ಕತೆ ನಿಲ್ಲಿಸಿದರು.

ದುಂಡಪ್ಪ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡ. ಹೊರಗೆ ಇಣುಕುತ್ತಿದ್ದ ತನ್ನ ಊಟದ ತಾಟನ್ನು ಕಂಬಳಿಯೊಳಗೆ ತುರುಕಿದ. ಸ್ವಲ್ಪ ನಕ್ಕ.

"ಬಡಿಗ್ಯಾಗ ಬುದ್ಧಿ ಇರಲಿಲ್ಲ ಬಿಡ್ರಿ. ಆದ್ರ ನಾ ಯಾವ ಸೇತುವಿ ಕಟ್ಟೀನ್ರಿ ಅಜ್ಜಾರ? ನಾ ಬರೇ ನಡಕೊಂತ ಹೋಗಾವ. ಬಿದ್ದರ ನಾನಽ ಬೀಳಬೇಕು."

ಅಷ್ಟರಲ್ಲಿ ದಾಸೋಹದ ಮನೆಯಿಂದ ಗುರುಪಾದಪ್ಪ ಕೂಗಿದ. ದನಿಯಲ್ಲಿ ಮೊಮ್ಮಗನ ಸಂಭ್ರಮವಿತ್ತು.

"ದುಂಡಣ್ಣಾ, ಹಂಗಾರ ನಾ ನಾಳೆ ನಸುಕಿನ್ಯಾಗ ಹೊಂಡಲೇನೋ?"

"ಹೋಗಿ ಬಾರೋ, ನಾ ಅದೀನಲ್ಲ!" ಎಂದು ದುಂಡಪ್ಪ ಅಲ್ಲಿಂದಲೇ ಕೂಗಿದ. ಮಾತು ತಾನಾಗಿ ಬಂದಿತ್ತು. ದನಿ ಎಂದಿನಂತೆ ಬೆಲ್ಲದ ಹಾಗಿತ್ತು.

ಅಜ್ಜಾರು ಅವನ ಕೈಯಲ್ಲಿದ್ದ ಗಂಟನ್ನು ನೋಡಿದರು.

"ಹಗ್ಗ ಹಿಡಿದು ನಿಂತಾಕಿ ಹೆಸರೇನಪಾ?"

ದುಂಡಪ್ಪ ತನ್ನ ಕೈಗಳ ಕಡೆ ನೋಡಿದ. ಅವು ತಮ್ಮ ಪಾಡಿಗೆ ಗಂಟು ಬಿಗಿಯುತ್ತಿದ್ದವು.