ಎಡಗೈ ಗಂಟು

"ಅಪ್ಪಾರ, ಮಠದ ಕೆಲಸದವರಲ್ಲದವರಿಗೂ ನಮ್ಮ ಆರೈಕೆ ಕೋಣ್ಯಾಗ ಜಾಗ ಕೊಡಬೇಕೇನ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಗುರುಪಾದ. ಆ ಕೋಣೆಯ ಉಸ್ತುವಾರಿ ಅವನದು. ಬೆಳಿಗ್ಗೆ ನೀಲವ್ವ ಜ್ವರದಲ್ಲಿ ನಡುಗುತ್ತ ಬಂದಿದ್ದಳು. ಮಠದ ಊಟಕ್ಕೆ ಮುತ್ತಲ ಎಲೆ ಹಚ್ಚಿ ಪತ್ರಾವಳಿ ಮಾಡಿಕೊಡುವವಳು ಅವಳೇ. ಆದರೆ ಹಚ್ಚುವುದು ತನ್ನ ಮನೆಯಲ್ಲಿ ಕುಳಿತು, ಕೆಲಸದವರ ಪಟ್ಟಿಯಲ್ಲಿ ಹೆಸರಿಲ್ಲ. ಅವನು ವಾಪಸು ಕಳಿಸಿದ್ದ. ನಿಯಮವೇನೋ ತಪ್ಪಿರಲಿಲ್ಲ, ಜೀವಕ್ಕೆ ಮಾತ್ರ ಸಮಾಧಾನವಿರಲಿಲ್ಲ.

"ನಿಯಮ ಪಾಲಿಸೀದಿ. ಮತ್ತ ಮಾರಿ ಯಾಕ ಸಣ್ಣ ಮಾಡೀದಿ?" ಎಂದು ನಕ್ಕು ಗುರುಗಳು ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಹತ್ತು ಕೈಮಗ್ಗಗಳಿದ್ದವು. ಅವನು ಕೆಟ್ಟವನಲ್ಲ. ಮಗ್ಗದ ಕುಣಿಯಲ್ಲಿ, ಅಂದರೆ ಕಾಲು ಇಳಿಬಿಡುವ ಗುಂಡಿಯಲ್ಲಿ, ಕುಳಿತು ನೇಯ್ದವರು ಹಾಸಿಗೆ ಹಿಡಿದರೆ ಅವರ ಮನೆಗೆ ಜೋಳ, ಔಷಧಿ ಕಳಿಸುತ್ತಿದ್ದ. ಮುದುಕರಾದರೆ ಸಾಯುವವರೆಗೂ ಕಳಿಸುತ್ತಿದ್ದ. ಅದು ಅವನ ಅಪ್ಪನ ಕಾಲದ ಪದ್ಧತಿ. ಮಗ್ಗಕ್ಕೆ ಬೇಕಾದ ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತುವ ಹೆಂಗಸರು ಮಾತ್ರ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅವರು ಸುತ್ತುತ್ತಿದ್ದದ್ದು ತಮ್ಮ ತಮ್ಮ ಮನೆಯಲ್ಲಿ.

ಮೂವತ್ತು ವರ್ಷ ಹಾಗೆ ನೂಲು ಸುತ್ತಿದ ಒಬ್ಬ ಮುದುಕಿಗೆ ಕಣ್ಣು ಹೋಯಿತು. ಒಲೆ ಹಚ್ಚದೆ ಎರಡು ದಿನವಾಗಿತ್ತು. ಗೋಡೆ ಹಿಡಿದುಕೊಂಡು ವ್ಯಾಪಾರಿಯ ಮನೆಗೆ ಬಂದಳು.

"ಅವ್ವಾ, ನೀ ನಮ್ಮ ಕುಣ್ಯಾಗ ಕುಂತಾಕಿ ಅಲ್ಲ. ನಿನಗ ನಾ ಧಣಿ ಹ್ಯಾಂಗ ಆಗಲಿ?" ಎಂದ ಅವನು, ಮೆತ್ತಗೇ.

ಮುದುಕಿ ತಿರುಗಿ ಹೊರಟವಳು ಹೊಸ್ತಿಲು ಎಡವಿದಳು. ವ್ಯಾಪಾರಿ ಹಿಡಿದುಕೊಂಡ. ಅವಳ ಕೈ ಅವನ ಹೆಗಲ ಶಾಲಿನ ಮೇಲೆ ಬಿತ್ತು. ಬೆರಳು ಒಂದು ಕಡೆ ನಿಂತುಬಿಟ್ಟಿತು. ನೂಲು ಹರಿದಾಗ ಸುತ್ತುವವರು ಗಂಟು ಹಾಕುತ್ತಾರಲ್ಲ, ಅಂಥದೊಂದು ಸಣ್ಣ ಗಂಟು. ಅವಳು ಎಡಚಿ. ಅವಳ ಗಂಟು ಎಡಕ್ಕೆ ತಿರುಗಿರುತ್ತಿತ್ತು.

"ಇದು ನನ್ನ ಗಂಟು, ಸಾವ್ಕಾರ್ರ," ಎಂದಳು. ಅವಳ ಮುಖ ಅರಳಿತು. "ಬೆಚ್ಚಗ ಇಡತೈತೇನ್ರಿ ನಿಮ್ಮನ್ನ?"

ವ್ಯಾಪಾರಿ ಶಾಲು ತೆಗೆದು ಅವಳಿಗೆ ಹೊದಿಸಿ, ಕೈಹಿಡಿದು ಒಳಗೆ ಕರೆದೊಯ್ದು ಊಟಕ್ಕೆ ಕೂರಿಸಿದ. ಆ ತಿಂಗಳಿಂದ ಜೋಳ ನೂಲು ಸುತ್ತುವವರ ಮನೆಗಳಿಗೂ ಹೋಗತೊಡಗಿತು.

ಕತೆ ಮುಗಿಸಿ ಗುರುಗಳು ಶಿಷ್ಯನ ತಲೆ ಸವರಿದರು.

"ಮಧ್ಯಾಹ್ನ ಯಾರು ಹಚ್ಚಿದ ಎಲಿ ಮ್ಯಾಲ ಉಂಡಿಯೋ, ಮಗನ?"

ಗುರುಪಾದ ಎದ್ದು ನೀಲವ್ವನನ್ನು ಕರೆತರಲು ಅವಳ ಮನೆಯ ಕಡೆ ಓಡಿದ.