ಹದಿನಾರು ಭಂಗಿ, ಒಂದು ಟವಲ್

ತುಂಗಭದ್ರೆಯ ದಡದಲ್ಲಿ ಮರುಳಯ್ಯನವರ ಆಶ್ರಮವಿತ್ತು. ಆಶ್ರಮ ಅಂದರೆ ಮೂರು ಕೋಣೆ, ಒಂದು ಬೇವಿನ ಮರ, ಒಂದು ಎತ್ತರದ ಕಂಬ. ಕಂಬದ ತುದಿಯಲ್ಲಿ ಊಟದ ತಟ್ಟೆಯಷ್ಟಗಲದ ಆಂಟೆನಾ.

ಮರುಳಯ್ಯ ಮೂವತ್ತು ವರ್ಷ ವೈರ್‌ಲೆಸ್ ಪಾಠ ಹೇಳಿ, ಆಮೇಲೆ ಹೊಳೆಯ ಪಕ್ಕ ಬಂದು ಕೂತವರು. ಎಲ್ಲರೂ ಅವರನ್ನು ಅಜ್ಜಯ್ಯ ಅನ್ನುತ್ತಿದ್ದರು. ಶಿಷ್ಯ ಒಬ್ಬನೇ, ಹಾಲೇಶ. ಒಬ್ಬನೇ ಸಾಕು, ನಾಲ್ಕು ಜನರಷ್ಟು ಮಾತಾಡ್ತಾನೆ ಎಂದು ಅಜ್ಜಯ್ಯ ನಗುತ್ತಿದ್ದರು.

ಆಚೆ ದಡದ ಶಾಲೆಗೆ ಇಂಟರ್‌ನೆಟ್ ಹೋಗುತ್ತಿದ್ದದ್ದು ಈ ಕಂಬದಿಂದ. ಅದನ್ನು ಕಟ್ಟಿದವನು ಹಾಲೇಶನೇ.

ಆಷಾಢದ ಗಾಳಿ ಎದ್ದ ದಿನ ಸಂಪರ್ಕ ಕಡಿದುಹೋಯಿತು.

“ಯಂತ್ರ ಕೆಟ್ಟೈತೆ ಅಜ್ಜಯ್ಯ.”

“ಯಾವುದು? ಕಂಬದ ಮೇಲಿರೋದೋ, ಕೆಳಗೆ ನಿಂತಿರೋದೋ?”

ಹಾಲೇಶ ಕಾಲ ಬೆರಳಿನಿಂದ ಮಣ್ಣು ಕೆದಕಿದ.

“ಅಲೆಯ ಒಂದೊಂದು ಮಿಡಿತದಾಗೆ ಎಷ್ಟು ತುಂಬೀಯಪ್ಪ?” ಅಜ್ಜಯ್ಯ ಕೇಳಿದರು.

“ಎಂಟು ಬಿಟ್ ರೀ. ಇನ್ನೂರೈವತ್ತಾರು ಭಂಗಿ. ಈ ಯಂತ್ರಕ್ಕೆ ಅದೇ ಕೊನೇ ಮೆಟ್ಟಿಲು.” ಹೇಳುವಾಗ ಅವನ ಎದೆ ಸ್ವಲ್ಪ ಉಬ್ಬಿತು.

“ಗಾಳಿ ಬಂದಾಗ ಅದು ತಾನೇ ಕೆಳಗಿನ ಮೆಟ್ಟಿಲಿಗೆ ಇಳೀಬೇಕಲ್ಲ?”

“ಇಳೀದಂಗೆ ಲಾಕ್ ಮಾಡೀನಿ. ಇಳಿದ್ರೆ ವೇಗ ಕಮ್ಮಿ ಆಗ್ತೈತೆ.”

“ಈಗ ವೇಗ ಎಷ್ಟೈತೆ?”

“ಸೊನ್ನೆ.”

ಅಜ್ಜಯ್ಯ ಮಂಡಕ್ಕಿಯ ಡಬ್ಬಿಯನ್ನು ಅವನ ಮುಂದೆ ಸರಿಸಿದರು. ಬೈಯುವ ಮೊದಲು ತಿನ್ನಿಸುವುದು ಅವರ ಪದ್ಧತಿ. ತಿನ್ನಿಸಿದ ಮೇಲೆ ಬೈಯುವುದನ್ನು ಅವರು ಸಾಮಾನ್ಯವಾಗಿ ಮರೆತುಬಿಡುತ್ತಿದ್ದರು.

ಆಮೇಲೆ ಬಿದಿರಿನ ಕೋಲು ಹಿಡಿದು ಮರಳಿಗೆ ಇಳಿದರು. ಕೋಲನ್ನು ಎದೆಯ ಮಟ್ಟದಲ್ಲಿ ಅಲುಗಿಸದೆ ಹಿಡಿದು ನಿಂತರು.

“ನಾನೀಗ ಏನು ಹೇಳ್ದೆ?”

“ಏನೂ ಇಲ್ಲ. ಸುಮ್ನೆ ಹಿಡ್ಕಂಡು ನಿಂತೀರಿ.”

“ಒಂದೇ ಸಮ ಬರೋ ಅಲೆನೂ ಹಿಂಗೇ. ಹೊರೋಕೆ ಹೆಗಲೈತೆ, ಹೊರೆ ಇಲ್ಲ. ಅದರ ಭಂಗಿ ಬದಲಾದ್ರೇನೆ ಮಾತು.”

ಕೋಲನ್ನು ಎಂಟು ದಿಕ್ಕಿಗೆ ತಿರುಗಿಸಿ ತೋರಿಸಿದರು. ಪ್ರತಿ ದಿಕ್ಕಿಗೂ ಒಮ್ಮೆ ಉದ್ದಕ್ಕೆ ಚಾಚಿದರು, ಒಮ್ಮೆ ಮೋಟಾಗಿ ಹಿಡಿದರು. ಒಟ್ಟು ಹದಿನಾರು ಭಂಗಿ.

“ಒಂದು ಭಂಗಿ ತೋರಿಸಿದ್ರೆ ನಾಲ್ಕು ಬಿಟ್, ಅಂದ್ರೆ ನಾಲ್ಕು ಸೊನ್ನೆ-ಒಂದು, ಒಟ್ಟಿಗೆ ಹೋದಂಗೆ. ಓದು.”

ಹತ್ತು ಹೆಜ್ಜೆ ದೂರದಿಂದ ಹಾಲೇಶ ನಾಲ್ಕು ಭಂಗಿಗಳನ್ನು ಓದಿದ. ನಾಲ್ಕೂ ಸರಿ.

“ಈಗ ಆ ಬಂಡೆ ಹತ್ರ ಹೋಗಿ ನಿಲ್ಲು.”

ಬಂಡೆ ದೂರವಿತ್ತು. ಗಾಳಿಗೆ ಮರಳು ಕಣ್ಣಿಗೆ ಎರಚುತ್ತಿತ್ತು. ಹಾಲೇಶ ಅಲ್ಲಿ ನಿಂತು ಈ ಕಡೆಗೇ ನೋಡಿದ, ಆಚೆ ದಡದ ಕಡೆಗೆ ಮಾತ್ರ ತಪ್ಪಿಯೂ ನೋಡಲಿಲ್ಲ.

ಆಚೆ ದಡದಲ್ಲಿ ಹೊಸ ಹರಿಗೋಲೊಂದು ಬೋರಲು ಬಿದ್ದಿತ್ತು. ಅವನ ಅಣ್ಣ ದುರುಗಪ್ಪನದು. ಹೆತ್ತವರಿಲ್ಲದ ಹಾಲೇಶನನ್ನು ಹರಿಗೋಲು ನಡೆಸಿ ಸಾಕಿದ ಅಂಬಿಗ ಅವನು. ಆ ಮನೆಯಲ್ಲಿ ಒಂದು ಪದ್ಧತಿ: ಹೊಸ ಹರಿಗೋಲಿನಲ್ಲಿ ಮೊದಲು ಕೂರಬೇಕಾದವನು ಕಿರಿಯ. ಅವನು ಕೂರುವ ತನಕ ಬೇರೆ ಯಾರೂ ಕಾಲಿಡುವಂತಿಲ್ಲ.

ಎಂಟು ತಿಂಗಳ ಹಿಂದೆ ಹರಿಗೋಲು ನೀರಿಗಿಳಿಯುವ ದಿನ ನೆಂಟರೆಲ್ಲ ಬಂದು ಕಾದರು. ಹಾಲೇಶ ಇದೇ ಕಂಬದ ಮೇಲಿದ್ದ. ಯಂತ್ರ ಕೊನೇ ಮೆಟ್ಟಿಲು ಹತ್ತುವವರೆಗೆ ತಾನು ಇಳಿಯೋಲ್ಲ ಅಂತ ಹಟ. ಇನ್ನೊಂದು ಗಳಿಗೆ ಅಣ್ಣ, ಇನ್ನೊಂದು ಗಳಿಗೆ ಅನ್ನುತ್ತ ಹೊತ್ತು ಮುಳುಗಿಸಿದ.

ಅವತ್ತಿನಿಂದ ಹರಿಗೋಲು ಬೋರಲೇ ಬಿದ್ದಿದೆ. ಹೊಳೆಗೆ ಮಳೆಯ ಹೊಸ ನೀರು ಬರುವುದರೊಳಗೆ ಅದನ್ನು ಒಡೆದು ಒಲೆಗೆ ಹಾಕ್ತೀನಿ ಅಂತ ದುರುಗಪ್ಪ ಹೇಳಿದ್ದು ಮೊನ್ನೆ ಇವನ ಕಿವಿಗೂ ಬಿದ್ದಿತ್ತು. ಹೊಸ ನೀರಿಗೆ ಇನ್ನು ಹೆಚ್ಚು ದಿನವಿರಲಿಲ್ಲ.

ಅಜ್ಜಯ್ಯ ಕೋಲೆತ್ತಿ ನಾಲ್ಕು ಭಂಗಿ ತೋರಿಸಿದರು. ಹಾಲೇಶ ಕಣ್ಣುಜ್ಜಿ ಮರಳಲ್ಲಿ ಬರೆದುಕೊಂಡ. ಓಡಿ ಬಂದು ಹೇಳಿದರೆ ಮೂರು ತಪ್ಪು.

“ಕೋಲು ಉದ್ದವೋ ಮೋಟೋ ಗೊತ್ತಾಗ್ಲಿಲ್ಲ. ಪೂರ್ವ ಯಾವುದು, ಈಶಾನ್ಯ ಯಾವುದು, ಎಲ್ಲ ಒಂದೇ ಥರ ಕಂಡ್ವು.”

“ನೀನೇನೂ ಬೇರೆ ಊರಿಗೆ ಹೋಗ್ಲಿಲ್ಲ. ಪಕ್ಕದ ಮನೆ ಬಾಗಿಲು ತಟ್ಟೀಯ ಅಷ್ಟೆ. ಮತ್ತೆ ಹೋಗು.”

ಈ ಸಲ ಅಜ್ಜಯ್ಯ ಎರಡೇ ಭಂಗಿ ಇಟ್ಟುಕೊಂಡರು. ಕೋಲು ಮೇಲಿದ್ದರೆ ಒಂದು, ಕೆಳಗಿದ್ದರೆ ಸೊನ್ನೆ. ಅದೇ ನಾಲ್ಕು ಭಂಗಿಯ ಮಾತನ್ನು ಭಂಗಿಗೆ ನಾಲ್ಕರಂತೆ ಹದಿನಾರು ಸಲ ಎತ್ತಿ ಇಳಿಸಿ ಹೇಳಿದರು. ಎಪ್ಪತ್ತು ದಾಟಿದ ತೋಳು, ನಡುವೆ ಎರಡು ಸಲ ನಿಲ್ಲಿಸಿ ಸುಧಾರಿಸಿಕೊಂಡರು.

ಹಾಲೇಶ ಬಂದ. ಒಂದೂ ತಪ್ಪಿರಲಿಲ್ಲ.

“ಆದ್ರೆ ನಾಲ್ಕು ಪಟ್ಟು ಹೊತ್ತು ಹಿಡೀತು ಅಜ್ಜಯ್ಯ.”

“ಹೂಂ. ತೋಳೂ ನೋಯ್ತು.”

ಹಾಲೇಶ ಅವರ ಭುಜ ಒತ್ತುತ್ತ ಕೂತ. ಆಮೇಲೆ ಅವನೇ ಎದ್ದು ಹೋಗಿ ಲಾಕ್ ತೆಗೆದ. ಯಂತ್ರ ಒಂದೊಂದೇ ಮೆಟ್ಟಿಲು ಇಳಿದು, ಕಡೆಗೆ ಒಂದು ಮೆಟ್ಟಿಲಲ್ಲಿ ನಿಂತಿತು. ಆಚೆ ಶಾಲೆಯ ಪಾಠ ಕುಂಟುತ್ತ ಹೋಯಿತು, ಆದರೆ ಹೋಯಿತು.

ಮರುದಿನ ಬೆಳಿಗ್ಗೆ ಅಜ್ಜಯ್ಯನ ಕಣ್ಣು ಶಿಷ್ಯನ ಜೇಬಿಗೆ ಬಿತ್ತು. ಜೇಬು ಉಬ್ಬಿತ್ತು.

“ಏನೋ ಅದು, ಹೋಳಿಗೆ ಕಟ್ಕಂಡೀಯೇನು?”

“ಅಣ್ಣಂಗೆ ಕಾಗದ.”

“ಎಷ್ಟು ಪುಟ?”

“ಹದಿನಾಲ್ಕು. ಹೋದ ಸಲ ಬರೆದಿದ್ದು ಏಳೇ ಪುಟ. ಅಣ್ಣ ಓದಿ, ಇವನು ತಪ್ಪಾಯ್ತು ಅಂತಾನೋ ನಂಗೇ ಬುದ್ಧಿ ಹೇಳ್ತಾನೋ ಅಂತ ಅಂದ್ನಂತೆ. ಅದಕ್ಕೇ ಈ ಸಲ ಬಿಡಿಸಿ ಬಿಡಿಸಿ ಬರ್ದೀನಿ.”

“ಏನೇನು ಬರ್ದೀಯ?”

“ತಪ್ಪಾಯ್ತು ಅಂತ. ಯಾಕೆ ತಡ ಆಯ್ತು ಅಂತ. ನನ್ನ ಕೆಲಸ ಎಷ್ಟು ಸೂಕ್ಷ್ಮದ್ದು ಅಂತ. ಅವನೂ ಒಂದು ದಿನ ತಡೀಬೋದಿತ್ತು ಅಂತ.”

ಗಾಳಿಗೆ ಕಂಬ ಕಿರುಗುಟ್ಟಿತು.

ಹಾಲೇಶ ಕಂಬವನ್ನು ನೋಡಿದ. ಜೇಬನ್ನು ನೋಡಿಕೊಂಡ. ನೋಡುತ್ತ ನೋಡುತ್ತ ಅವನ ಮುಖ ಕಪ್ಪಿಟ್ಟಿತು.

“ಕಾಗದದಾಗಿರೋದೆಲ್ಲ ಅಕ್ಕಪಕ್ಕದ ಮನೆಗಳೇ ಅಲ್ವಾ ಅಜ್ಜಯ್ಯ? ದೂರದಾಗಿರೋನಿಗೆ ಯಾವುದು ಯಾವುದೋ ಗೊತ್ತಾಗಲ್ಲ.”

“ಅಣ್ಣ ಎಷ್ಟು ದೂರ ಅವ್ನೆ?”

“ಹೊಳೆಯಷ್ಟು.” ಆಮೇಲೆ ಮೆಲ್ಲಗೆ, “ಇಲ್ಲ. ಅದಕ್ಕಿಂತ ದೂರ.”

“ಹಂಗಾದ್ರೆ?”

ಹಾಲೇಶ ಹೆಗಲ ಟವಲನ್ನು ಮುಟ್ಟಿಕೊಂಡ.

ಆ ಹೊಳೆಯಲ್ಲಿ ದೋಣಿ ಕರೆಯುವ ರೀತಿ ಅದು. ದಡದಲ್ಲಿ ನಿಂತು ಟವಲನ್ನು ಮೇಲೆತ್ತಿ ಹಿಡಿದರೆ ಅಂಬಿಗ ಬರಲೇಬೇಕು. ನಿಂತವನು ಯಾರು, ಅವನ ಜೊತೆ ಜಗಳವೇ, ಕೇಳುವಂತಿಲ್ಲ. ಎಂಟು ತಿಂಗಳಲ್ಲಿ ಹಾಲೇಶ ಒಮ್ಮೆಯೂ ಅಲ್ಲಿ ನಿಂತಿರಲಿಲ್ಲ. ಸುತ್ತು ಹಾಕಿ ಸೇತುವೆಯ ಮೇಲೆ ಓಡಾಡುತ್ತಿದ್ದ. ನಾಚಿಕೆ ಮನುಷ್ಯನನ್ನು ಎಷ್ಟು ನಡೆಸುತ್ತದೆ!

“ಬರ್ತಾನೆ ಅಜ್ಜಯ್ಯ. ಪದ್ಧತಿ ಅಂತ ಹಳೇ ಹರಿಗೋಲು ತರ್ತಾನೆ. ದಾಟಿಸಿ, ಮುಖ ನೋಡ್ದೆ ಹೋಗ್ತಾನೆ.”

“ಹೋದ್ರೆ ನಾಳೆ ಮತ್ತೆ ಎತ್ತು.”

ಹಾಲೇಶ ದಡಕ್ಕಿಳಿದು ಟವಲ್ ಎತ್ತಿ ಹಿಡಿದ. ಗಾಳಿಗೆ ಅದು ಪಟಪಟ ಬಡಿಯಿತು. ಹಿಂದೆ ಅಜ್ಜಯ್ಯ ಕೋಲೂರಿ ನಿಂತರು. ಕೂತ್ಕೊಳ್ರಿ ಅಂದರೂ ಕೂರಲಿಲ್ಲ.

ಆಚೆ ದಡದಲ್ಲಿ ದುರುಗಪ್ಪ ತಲೆಯೆತ್ತಿದ. ಯಾರೆಂದು ಗೊತ್ತಾಗಿರಬೇಕು, ಬಹಳ ಹೊತ್ತು ನಿಂತೇ ಇದ್ದ. ಹಾಲೇಶ ಟವಲನ್ನು ಇನ್ನೊಂದು ಕೈಗೆ ಬದಲಿಸಿದ. ಇಳಿಸಲಿಲ್ಲ.

ಕಡೆಗೆ ಒಂದು ಹರಿಗೋಲು ನೀರಿಗೆ ಬಂತು.

“ಹಳೇದು,” ಅಂದ ಹಾಲೇಶ. ಅವನ ದನಿ ಬಿದ್ದುಹೋಯಿತು. “ಹೇಳ್ಲಿಲ್ವಾ?”

“ಪೂರ್ತಿ ಓದು.”

ಹಾಲೇಶ ಕಣ್ಣು ಕಿರಿದು ಮಾಡಿದ. ಹಳೆಯ ಹರಿಗೋಲಿನ ಹಿಂದೆ ಒಂದು ಹಗ್ಗ. ಹಗ್ಗದ ತುದಿಯಲ್ಲಿ ಇನ್ನೊಂದು ಹರಿಗೋಲು. ಮೊದಲ ಸಲ ನೀರು ಕಂಡ ಅದು ಗಿರಗಿರ ಸುತ್ತುತ್ತ ಬರುತ್ತಿತ್ತು. ಅದರೊಳಗೆ ಯಾರೂ ಇರಲಿಲ್ಲ.

“ಖಾಲಿ ಐತೆ ಅಜ್ಜಯ್ಯ! ಖಾಲೀನೇ ಎಳ್ಕಂಡು ಬರ್ತವ್ನೆ!”

ಹಾಲೇಶ ಅಳುತ್ತಿದ್ದ, ಅಳುತ್ತಿರುವುದು ಅವನಿಗೇ ಗೊತ್ತಿರಲಿಲ್ಲ. ಟವಲ್ ಇಳಿಸಿ, ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ.

“ಅಣ್ಣಾ! ಅವತ್ತು ಏನಾಯ್ತು ಅಂದ್ರೆ...”

ನಡುಹೊಳೆಯಲ್ಲಿ ಹುಟ್ಟು ನಿಂತಿತು.

ಅಜ್ಜಯ್ಯ ಶಿಷ್ಯನ ಮೊಣಕೈಯನ್ನು ಕೋಲಿನ ತುದಿಯಿಂದ ಮೆಲ್ಲಗೆ ಮೇಲಕ್ಕೆತ್ತಿದರು.

“ಇನ್ನೂ ದೂರ ಅವ್ನೆ ಮಗಾ. ಟವಲ್ ಇಳಿಸ್ಬೇಡ.”