ಎಡಗೈಯ ಅಚ್ಚು

"ಗುರುಗಳೇ, ಎಷ್ಟು ಹೇಳಿಕೊಟ್ಟರೂ ಕಲಿಯದವನಿಗೆ ಎಲ್ಲಿಯವರೆಗೆ ಕಲಿಸಬೇಕು?" ಎಂದು ನಿರ್ವಾಣಯ್ಯ ಕೇಳಿದ.

ಮಠದಲ್ಲಿ ಓದುಬರಹ ಕಲಿಸುವ ಕೆಲಸ ಅವನದು. ನಡುವಯಸ್ಸು ದಾಟಿದ ಮೇಲೆ ಅಕ್ಷರ ಕಲಿಯಲು ಬಂದ ಒಬ್ಬನಿಗೆ ಅವನು ಪಾಠ ಹೇಳುತ್ತಿದ್ದ. ಇಂದು ತಿದ್ದಿಸಿದ್ದನ್ನು ಆತ ನಾಳೆಗೆ ಮರೆಯುತ್ತಿದ್ದ. "ನನಗೆ ಸಾಕಾಗಿದೆ. ಅವನನ್ನು ಊರಿಗೆ ಕಳಿಸಿಬಿಡಲು ಅಪ್ಪಣೆ ಕೊಡಿ" ಎಂದ ನಿರ್ವಾಣಯ್ಯ.

ಗುರುಗಳು ಅಪ್ಪಣೆ ಕೊಡಲಿಲ್ಲ. ಬೇಡವೆಂದೂ ಅನ್ನಲಿಲ್ಲ. ನಿರ್ವಾಣಯ್ಯನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಚ್ಚುಗಾರನಿದ್ದ. ಬಟ್ಟೆಯ ಮೇಲೆ ಹೂಬಳ್ಳಿಗಳನ್ನು ಅಚ್ಚು ಹಾಕುವುದು ಅವನ ಕಸುಬು. ಮರದ ಅಚ್ಚಲ್ಲ, ಕಾಗದದ್ದು. ದಪ್ಪ ಕಾಗದಕ್ಕೆ ಅಗಸೆ ಎಣ್ಣೆ ಸವರಿ ಒಣಗಿಸಿ, ಅದರಲ್ಲಿ ಸಣ್ಣ ಚಾಕುವಿನಿಂದ ಹೂವಿನ ಆಕಾರ ಕೊರೆದು ತೆಗೆಯುತ್ತಿದ್ದ. ಆ ಕಾಗದವನ್ನು ಬಟ್ಟೆಯ ಮೇಲಿಟ್ಟು, ಅರಿವೆಯ ಉಂಡೆಯನ್ನು ಬಣ್ಣದಲ್ಲಿ ಅದ್ದಿ ತಟ್ಟಿದರೆ ಕೊರೆದ ಕಡೆಯಲ್ಲೆಲ್ಲ ಹೂವು ಮೂಡುತ್ತಿತ್ತು. ಕೇಳಲು ಸುಲಭ. ಆದರೆ ಉಂಡೆಯಲ್ಲಿ ಬಣ್ಣ ಒಂದಿಷ್ಟು ಹೆಚ್ಚಾದರೆ ಅದು ಕಾಗದದ ಅಡಿಗೆ ನುಗ್ಗಿ ಹೂವಿನ ಅಂಚು ಕದಡಿಹೋಗುತ್ತದೆ. ಕಡಿಮೆಯಾದರೆ ಹೂವು ಹುಟ್ಟುವಾಗಲೇ ಬಾಡಿರುತ್ತದೆ. ಅವನ ಕೈಗೆ ಆ ಅಳತೆ ಗೊತ್ತಿತ್ತು. ಸುತ್ತಲಿನ ಊರುಗಳಲ್ಲಿ ಮಗು ಹುಟ್ಟಿದರೆ ತೊಟ್ಟಿಲಿಗೆ ಹಾಸುವ ಬಟ್ಟೆಗಾಗಿ ಜನ ಅವನ ಮನೆಗೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಅವನು ಏಳಲು ಹೋದಾಗ ಬಲಗೈ ಏಳಲಿಲ್ಲ. ಲಕ್ವ ಹೊಡೆದಿತ್ತು. ವೈದ್ಯರು ಎಣ್ಣೆ ತಿಕ್ಕಿಸಿದರು, ಕಷಾಯ ಕುಡಿಸಿದರು. ಮಾತು ಬಂತು, ಕಾಲು ಸ್ವಲ್ಪ ಬಂತು, ಕೈ ಬರಲಿಲ್ಲ.

ಮನೆಯಲ್ಲಿ ಅವನ ಜೊತೆಗಿದ್ದವಳು ಹೆಂಡತಿ ಒಬ್ಬಳೇ. ಒಂದು ತೊಟ್ಟಿಲುಬಟ್ಟೆಯ ಕೆಲಸವನ್ನು ಅವನು ಆಗಲೇ ಒಪ್ಪಿಕೊಂಡಿದ್ದ. ಬಹಳ ವರ್ಷ ಮಕ್ಕಳಿಲ್ಲದೆ ಕೊರಗಿದ ಮನೆಯಲ್ಲಿ ಹುಟ್ಟಿದ ಮಗು ಅದು. ನಾಮಕರಣ ಹತ್ತಿರ ಬರುತ್ತಿತ್ತು.

"ಆಗುವುದಿಲ್ಲ ಅಂತ ಹೇಳಿ ಕಳಿಸು" ಎಂದು ಅವನು ಗೋಡೆಯ ಕಡೆ ಹೊರಳಿದ.

"ನೀವು ಹೇಳಿಕೊಡಿ, ನಾನು ಮಾಡುತ್ತೇನೆ" ಎಂದಳು ಅವಳು.

ಅವನು ಹೇಳಿಕೊಡತೊಡಗಿದ. ಗೋಡೆಗೆ ಒರಗಿ ಕೂತು, ಕಾಗದದಿಂದ ಕಣ್ಣು ಕೀಳದೆ ತಪ್ಪು ಹುಡುಕುತ್ತಿದ್ದ. ಹುಡುಕುವ ಶ್ರಮವೇನೂ ಇರಲಿಲ್ಲ. ಎಸಳುಗಳ ನಡುವೆ ಕಾಗದದ ಸಣ್ಣ ಎಳೆ ಬಿಟ್ಟು ಕೊರೆಯಬೇಕು, ಇಲ್ಲದಿದ್ದರೆ ಹೂವಿನ ನಡುಭಾಗ ಕಳಚಿ ಬೀಳುತ್ತದೆ. ಅವಳು ಎಳೆಯನ್ನೂ ಕೊರೆದುಬಿಡುತ್ತಿದ್ದಳು. ಮತ್ತೆ ಹೊಸ ಕಾಗದ, ಮತ್ತೆ ಎಣ್ಣೆ, ಮತ್ತೆ ಒಣಗುವ ತನಕ ಕಾಯುವುದು. ಕೊರೆಯುವುದು ಹೇಗೋ ಕೈಗೆ ಬಂದ ಮೇಲೆ ಬಣ್ಣ ತಟ್ಟುವುದು ಬರಲಿಲ್ಲ. "ಹಗುರ! ಹಗುರ ಅಂದೆನಲ್ಲ! ನಿನ್ನ ತಲೆಯಲ್ಲಿ ಇರುವುದಾದರೂ ಏನು?" ಎಂದು ಅವನು ಕೂಗುತ್ತಿದ್ದ. ಅವನಿಗೆ ಗೊತ್ತಿದ್ದದ್ದೆಲ್ಲ ಗಂಟಲಿನ ತನಕ ಬರುತ್ತಿತ್ತು. ಅಲ್ಲಿಂದ ಅವಳ ಕೈಗೆ ಇಳಿಯುತ್ತಿರಲಿಲ್ಲ. ಕೂಗಿ ಕೂಗಿ ಅವನು ಸೋತುಹೋದ.

ಅವಳು ಎದುರು ಮಾತಾಡುತ್ತಿರಲಿಲ್ಲ. ಎದ್ದು ಹೋಗಿ ಗಂಜಿ ಕಾಯಿಸಿ ಅವನಿಗೆ ಕುಡಿಸುವಳು, ಮೈ ಒರೆಸುವಳು, ಅವನ ಬಟ್ಟೆ ಒಗೆದು ಹರವುವಳು, ಬಂದು ಮತ್ತೆ ಕಾಗದದ ಮುಂದೆ ಕೂರುವಳು. ಆ ಮೌನವನ್ನು ಅವನು ದಡ್ಡತನ ಎಂದುಕೊಂಡ.

ಒಂದು ಮಧ್ಯಾಹ್ನ ಬಟ್ಟೆಯ ಅಂಚು ಪೂರ್ತಿ ಸರಿಯಾಗಿ ಮೂಡಿ ಬಂತು. ಕೊನೆಯ ಹೂವಿನಲ್ಲಿ ಅವಳು ಕಾಗದವನ್ನು ನೇರ ಮೇಲಕ್ಕೆತ್ತದೆ ಎಳೆದುಬಿಟ್ಟಳು. ಬಣ್ಣ ಉದ್ದಕ್ಕೂ ಬಳಿದುಕೊಂಡಿತು.

"ಬಿಟ್ಟುಬಿಡು. ಈ ಕೆಲಸ ನಿನ್ನಂಥವರಿಗಲ್ಲ" ಎಂದ ಅವನು.

ಅವಳು ಉಂಡೆಯನ್ನೂ ಬಣ್ಣದ ಬಟ್ಟಲನ್ನೂ ತಂದು ಅವನ ಎಡಗಡೆ ಇಟ್ಟಳು. "ಎಡಗೈಯಲ್ಲಿ ಒಂದು ಹೂವು ಹಾಕಿ ತೋರಿಸಿ. ನೋಡಿಯಾದರೂ ಕಲಿಯುತ್ತೇನೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಅವನು ಒಂದು ಹಳೆಯ ಅರಿವೆಯ ತುಂಡನ್ನು ಹತ್ತಿರಕ್ಕೆ ಎಳೆದುಕೊಂಡು, ಕಾಗದವನ್ನು ಅದರ ಮೇಲಿಟ್ಟು ಉಂಡೆ ತಟ್ಟಿದ. ಬಣ್ಣ ನುಗ್ಗಿತು. ಉಂಡೆಯನ್ನು ಹಿಂಡಿ ಮತ್ತೆ ತಟ್ಟಿದ. ಕಾಗದ ಜಾರಿತು. ಅದನ್ನು ಮೊಣಕಾಲಿನಿಂದ ಒತ್ತಿಕೊಂಡ. ಹೂವು ಇರಲಿ, ಎಲೆಯೂ ಮೂಡಲಿಲ್ಲ. "ಹಗುರ" ಎಂದ ತನ್ನ ಕೈಗೆ. "ಹಗುರ ಅಂದೆನಲ್ಲ" ಎಂದ. ಅವಳಿಗೆ ಹೇಳಿದ್ದನ್ನೆಲ್ಲ ಅದಕ್ಕೂ ಹೇಳಿ ನೋಡಿದ. ಹುಟ್ಟಿದಾಗಿನಿಂದ ಅವನ ಮೈಗೇ ಅಂಟಿಕೊಂಡಿದ್ದ ಕೈ. ಅದಕ್ಕೂ ಅವನ ಮಾತು ತಿಳಿಯಲಿಲ್ಲ.

ಅವಳು ಹಿಂದಿರುಗಿದಾಗ ಅರಿವೆಯ ತುಂಬ ಕಲೆಗಳಿದ್ದವು. ಅವಳು ನಗಲಿಲ್ಲ. ಕೊಡ ಇಳಿಸಿ, ಅವನ ಎದುರು ಕೂತು, ಕಾಗದದ ಎರಡು ಮೂಲೆಗಳನ್ನು ಬೆರಳುಗಳಿಂದ ಬಿಗಿಯಾಗಿ ಒತ್ತಿ ಹಿಡಿದಳು. "ಈಗ ತಟ್ಟಿ" ಎಂದಳು.

ಅವಳ ಬೆರಳುಗಳನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ. ತುಂಬ ಚಾಕುವಿನ ಗೀರುಗಳಿದ್ದವು. ಕೆಲವು ಇನ್ನೂ ಬಾಯಿಬಿಟ್ಟುಕೊಂಡಿದ್ದವು, ಒಳಗೆ ಬಣ್ಣ ಇಳಿದಿತ್ತು. ಬಣ್ಣಕ್ಕೆ ಬೆರೆಸಿದ ಪಟಿಕ ಹಸಿ ಗಾಯಕ್ಕೆ ತಾಗಿದರೆ ಹೇಗಿರುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಉರಿಯುತ್ತದೆಯೇ?" ಎಂದು ಕೇಳಿದ.

"ಮೊದಲು ತಟ್ಟಿ. ಬಣ್ಣ ಒಣಗುತ್ತದೆ" ಎಂದಳು.

ಅವಳು ಹಿಡಿದಳು, ಅವನು ತಟ್ಟಿದ. ಅವನ ಕೈ ಸೋತಾಗ ಅವಳು ತಟ್ಟಿದಳು, ಅವನು ಮೊಣಕೈ ಊರಿ ಕಾಗದ ಹಿಡಿದ. ಕೂಗಾಟ ನಿಂತಿತು. ಕೂಗುವ ಶಕ್ತಿಯೂ ಅವನಲ್ಲಿ ಉಳಿದಿರಲಿಲ್ಲ.

ನಾಮಕರಣದ ಹೊತ್ತಿಗೆ ಬಟ್ಟೆ ಮುಗಿಯಿತು. ಮಗುವಿನ ಅಜ್ಜಿ ಅದನ್ನು ಬಿಡಿಸಿ ನೋಡಿ, ಕೆನ್ನೆಗೆ ಒತ್ತಿಕೊಂಡು, ತೊಟ್ಟಿಲಿಗೆ ಹಾಸಿದಳು. ಯಾವ ಯಾವ ಹೂವು ಕದಡಿದೆ ಎಂಬುದು ಅಚ್ಚುಗಾರನಿಗೆ ದೂರದಿಂದಲೇ ಕಾಣುತ್ತಿತ್ತು. ಅಲ್ಲಿದ್ದವರು ಯಾರೂ ಏನೂ ಹೇಳಲಿಲ್ಲ. ಗಂಡ ಹೆಂಡತಿ ಊಟ ಮಾಡಿ ಮನೆಗೆ ಬಂದು, ದಣಿದಿದ್ದರಿಂದ, ಹಗಲಿನಲ್ಲೇ ಮಲಗಿ ನಿದ್ದೆಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಕತೆ ಇನ್ನೂ ಇದೆ ಎಂದುಕೊಂಡ ನಿರ್ವಾಣಯ್ಯ.

"ಆಮೇಲೆ ಅವಳು ಗಂಡನಷ್ಟು ಚೆನ್ನಾಗಿ ಕಲಿತಳೇ?" ಎಂದು ಕೇಳಿದ.

"ಅವಳ ಬೆರಳು ವಾಸಿಯಾಯಿತೇ ಎಂದು ನೀನು ಕೇಳಲಿಲ್ಲ" ಎಂದರು ಗುರುಗಳು.